ಮೂವರು ಡಾಕ್ಟರು, ಮುಚ್ಚಿಟ್ಟ ಎರಡು ಫೈಲು

ಅಂಗೈ ಮೇಲೆ ಹರವಿದ ಭತ್ತದ ಕಾಳು ಕುಣಿಯುತ್ತಿದ್ದುದನ್ನು ನನಗಿಂತ ಮೊದಲು ಕಂಡವರು ಕುರುಗೋಡಿನ ಮಿಲ್ಲಿನ ಸಾವ್ಕಾರರು.

ನಾನು ಭತ್ತದ ದಲ್ಲಾಳಿ. ಸಿರುಗುಪ್ಪ, ಕರೂರು, ತೆಕ್ಕಲಕೋಟೆ ಕಡೆಯ ರೈತರ ಮಾಲನ್ನು ಮಿಲ್ಲಿನವರಿಗೆ ತೋರಿಸಿ, ಎರಡೂ ಕಡೆಯವರು ಸ್ವಲ್ಪ ಗೊಣಗಿಕೊಂಡಾದರೂ ಒಪ್ಪುವಂಥ ದರವೊಂದನ್ನು ಹೊಂದಿಸುವುದು ನನ್ನ ಕೆಲಸ. ಹೆಂಗಸರು ಈ ಕೆಲಸದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚೀಲಕ್ಕೆ ಕೊಳವೆ ಚುಚ್ಚಿ ಒಂದು ಮುಷ್ಟಿ ಕಾಳು ತೆಗೆಯಬೇಕು, ಅಂಗೈ ಮೇಲೆ ಹರವಬೇಕು, ಊದಿ ಜೊಳ್ಳು ಹಾರಿಸಬೇಕು, ನಾಲ್ಕು ಕಾಳು ಹಲ್ಲಿನಲ್ಲಿ ಕಡಿದು ತೇವ ಎಷ್ಟಿದೆ ಅನ್ನಬೇಕು. ಮೀಟರು ಆಮೇಲೆ. ಕೊಳ್ಳುವವನು ಕಾಳನ್ನೂ ನೋಡುತ್ತಾನೆ, ಕಾಳು ಹಿಡಿದ ಕೈಯನ್ನೂ ನೋಡುತ್ತಾನೆ. ನಡುಗುವ ಕೈ ಅಂದರೆ ಅವನ ಲೆಕ್ಕದಲ್ಲಿ ಮಾರಲೇಬೇಕಾದ ಕೈ.

“ಏನಕ್ಕಾ, ನೆಲ್ಲು ನಿನ್ನ ಕೈಯಾಗ ಕುಣಿಯಾಕತ್ತೈತಲ್ಲ? ಕದ್ದ ಮಾಲೇನು?” ಅಂದರು ಸಾವ್ಕಾರರು.

“ಕದ್ದಿದ್ದಾದ್ರ ನಿಮ್ಮ ಹತ್ರ ಯಾಕ ತರ್ಲಿರಿ? ನೀವು ಅದಕ್ಕೂ ಕೊಸರು ಕೇಳ್ತೀರಿ.”

ಮಿಲ್ಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು, ಎದೆ ಮಿಲ್ಲಿನ ಬೆಲ್ಟಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಅವತ್ತು ಅವರು ಹೇಳಿದ ಮೊದಲ ದರಕ್ಕೇ ತಲೆಯಾಡಿಸಿ ಹೊರಗೆ ಬಂದೆ. ಹಾಗೆ ಮಾಡಿದ್ದು ನನ್ನ ಜನ್ಮದಲ್ಲೇ ಮೊದಲು. ರೈತನಿಗೆ ಏನು ಹೇಳಲಿ ಎಂಬ ಚಿಂತೆಗಿಂತ, ಅಲ್ಲಿಂದ ಎದ್ದು ಬರಲು ನನಗೆ ಏಕೆ ಅಷ್ಟು ಅವಸರವಾಯಿತು ಎಂಬುದೇ ಹೆದರಿಕೆ ಹುಟ್ಟಿಸಿತು.

ಎರಡು ತಿಂಗಳಿಂದ ಹೀಗೇ ಇತ್ತು. ಮೂರು ರೊಟ್ಟಿ ತಿನ್ನುವವಳು ಐದು ತಿನ್ನುತ್ತಿದ್ದೆ, ಆದರೂ ರವಿಕೆಗಳು ಸಡಿಲವಾಗುತ್ತಿದ್ದವು. ಎಲ್ಲರೂ ಫ್ಯಾನು ಆರಿಸಿ ಅನ್ನುವಾಗ ನಾನು ಜೋರು ಮಾಡಿ ಅನ್ನುತ್ತಿದ್ದೆ. ಸಣ್ಣ ಮಾತಿಗೂ ರೇಗುತ್ತಿದ್ದೆ. ಮುಟ್ಟು ನಿಲ್ಲುವ ವಯಸ್ಸು, ಅದಕ್ಕೇ ಇರಬೇಕು ಎಂದು ಸುಮ್ಮನಿದ್ದೆ. ಆದರೆ ಕುರುಗೋಡಿನಿಂದ ಬಂದ ಸಂಜೆ ಮುಖ ತೊಳೆದು ಕನ್ನಡಿ ನೋಡಿದಾಗ ನನ್ನ ಮುಖದಲ್ಲಿ ನನ್ನ ಚಿಕ್ಕವ್ವನ ಕಣ್ಣು ಕಂಡವು. ಕರೂರಿನ ಚಿಕ್ಕವ್ವ. ಯಾರೋ ಬೆನ್ನಟ್ಟಿ ಬಂದಂತೆ ಅವಳ ಕಣ್ಣು ಯಾವಾಗಲೂ ಅಗಲವಾಗಿರುತ್ತಿದ್ದವು. ಗಂಟಲ ಮುಂದೆ ಸಣ್ಣ ಊತ, ಕೈಯಲ್ಲಿ ನಡುಕ. ಗಾಳಿ ಬಡಿದಿದೆ ಎಂದು ದಾರ ಕಟ್ಟಿಸಿದ್ದರು. ಒಂದು ಮಧ್ಯಾಹ್ನ ನಾಟಿ ಹಚ್ಚುತ್ತಿದ್ದವಳು ಕೆಸರಿನಲ್ಲೇ ಬಿದ್ದಳು, ಮತ್ತೆ ಏಳಲಿಲ್ಲ. ನಾನಾಗ ಶಾಲೆಗೆ ಹೋಗುವ ಹುಡುಗಿ. ಅವಳ ಕೈಗೆ ಅಂಟಿಕೊಂಡಿದ್ದ ಭತ್ತದ ಸಸಿಗಳನ್ನು ಬಿಡಿಸಿದವರಲ್ಲಿ ನಾನೂ ಒಬ್ಬಳು.

ಮರುದಿನವೇ ಸಿರುಗುಪ್ಪದ ವಯಸ್ಸಾದ ಡಾಕ್ಟರ ಬಳಿ ಹೋದೆ. ಅವರು ನನ್ನ ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅಂದಿತು. ಒಂದು ಲೋಟ ನೀರು ಕೊಟ್ಟು, ಗುಟುಕು ನುಂಗುವಾಗ ಕುತ್ತಿಗೆಯನ್ನೇ ನೋಡಿದರು. ನಾಡಿ ಎಣಿಸಿದರು. ರಕ್ತ ಪರೀಕ್ಷೆಯ ಕಾಗದ ಮೂರನೇ ದಿನ ಬಂತು.

“ಕುತ್ತಿಗಿಯಾಗ ಚಿಟ್ಟಿಯಂಥ ಗ್ರಂಥಿ ಐತಿ, ಥೈರಾಯ್ಡ್ ಅಂತಾರ,” ಅಂದರು. “ಮೈ ಎಷ್ಟು ವೇಗವಾಗಿ ನಡೀಬೇಕು ಅಂತ ಹೇಳೋದು ಅದು. ನಿಮ್ದು ಸ್ವಿಚ್ಚು ಕೆಟ್ಟ ಪಂಪ್‌ಸೆಟ್ಟಿನಂಗ ಆಗೈತಿ. ನಿಲ್ಲವಲ್ದು.”

“ಸಾಯ್ತೀನೇನ್ರಿ?”

“ಔಷಧಿ ತಗೊಂಡ್ರ ಇಲ್ಲ. ತಗೊಳ್ಳಲಿಲ್ಲ ಅಂದ್ರ ಗುಂಡಿಗಿ ದಣೀತೈತಿ. ಅದು ದಣಿದ ಮ್ಯಾಲ ನಾನು ಹಿಂಗ ಕುಂತು ಮಾತಾಡಾಕ ಆಗಂಗಿಲ್ಲ.”

ಎರಡು ಬಗೆಯ ಮಾತ್ರೆ ಬರೆದರು. ಒಂದು, ಗ್ರಂಥಿಯ ಕೆಲಸ ತಗ್ಗಿಸುವ ಕಾರ್ಬಿಮಜೋಲ್. ಇನ್ನೊಂದು, ಎದೆಬಡಿತ ಮತ್ತು ನಡುಕಕ್ಕೆ. ಮೊದಲನೆಯದರ ಬಗ್ಗೆ ಎರಡು ಸಲ ಎಚ್ಚರಿಕೆ ಹೇಳಿದರು: ಜ್ವರವೋ ಗಂಟಲು ನೋವೋ ಬಂದರೆ ಆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು, ಅಪರೂಪಕ್ಕೆ ಅದು ರಕ್ತದ ಬಿಳಿಕಣ ಇಳಿಸಿಬಿಡುತ್ತದೆ. ಒಂದೂವರೆ ವರ್ಷವಾದರೂ ತೆಗೆದುಕೊಳ್ಳಬೇಕಾದೀತು, ಬಿಟ್ಟ ಮೇಲೆ ರೋಗ ಮರಳಲೂಬಹುದು. ಬೇಕಾದರೆ ಆಪರೇಷನ್ ಇದೆ, ಅಯೋಡಿನ್ ಚಿಕಿತ್ಸೆ ಇದೆ, ಅವೆಲ್ಲ ಬಳ್ಳಾರಿಯ ದೊಡ್ಡ ಡಾಕ್ಟರರು ಹೇಳಬೇಕು ಎಂದರು.

ಆರು ವಾರ ಚಾಚೂ ತಪ್ಪದೆ ನುಂಗಿದೆ. ಕೈ ನಿಂತಿತು. ಎರಡನೇ ಪರೀಕ್ಷೆಯ ಕಾಗದ ನೋಡಿ ಡಾಕ್ಟರು “ಭೇಷ್” ಅಂದರು. ಅಲ್ಲಿಗೆ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನೊಳಗಿನ ದಲ್ಲಾಳಿ ಆಗ ಎದ್ದು ಕೂತಳು. ಬಿಟ್ಟ ಮೇಲೆ ಮರಳಬಹುದು ಎನ್ನುವ ಮಾಲನ್ನು ಒಬ್ಬನೇ ಮಾರಾಟಗಾರನ ಮಾತು ಕೇಳಿ ಒಂದೂವರೆ ವರ್ಷಕ್ಕೆ ಏಕೆ ಒಪ್ಪಿಕೊಳ್ಳಬೇಕು? ನಮ್ಮಲ್ಲಿ ಒಂದು ಲಾಟು ಭತ್ತವನ್ನು ಮೂರು ಮಿಲ್ಲಿಗಾದರೂ ತೋರಿಸದೆ ಕೊಡುವುದಿಲ್ಲ. ತೋರಿಸುವಾಗ ಎರಡು ಕಟ್ಟುನಿಟ್ಟು. ಒಬ್ಬರ ದರ ಇನ್ನೊಬ್ಬರ ಕಿವಿಗೆ ಬೀಳಬಾರದು. ಬಿದ್ದರೆ ಎರಡನೆಯವನು ತನ್ನ ದರ ಹೇಳುವುದಿಲ್ಲ, ಮೊದಲನೆಯವನ ದರಕ್ಕೆ ಒಂದಿಷ್ಟು ಸೇರಿಸಿಯೋ ಕಳೆದೋ ಹೇಳುತ್ತಾನೆ. ಎರಡನೆಯದು, ಒಬ್ಬರು ಕೈಯಾಡಿಸಿದ ಸ್ಯಾಂಪಲ್ಲನ್ನು ಇನ್ನೊಬ್ಬರ ಮುಂದೆ ಇಡಬಾರದು. ಹೊಸದಾಗಿ ಚೀಲಕ್ಕೆ ಚುಚ್ಚಿ ಹೊಸ ಮುಷ್ಟಿ ತೆಗೆಯಬೇಕು. ಇಷ್ಟು ವರ್ಷ ಇದೇ ಕಟ್ಟು ನನ್ನ ಹೊಟ್ಟೆ ಹೊರೆದಿತ್ತು, ಮಗಳ ಮದುವೆ ಮಾಡಿತ್ತು. ನನ್ನ ಕುತ್ತಿಗೆಯ ವಿಷಯದಲ್ಲೂ ಅದನ್ನೇ ಹಿಡಿದೆ.

ಅಂದರೆ ಏನು ಮಾಡಿದೆ? ಬಳ್ಳಾರಿಯ ಡಾಕ್ಟರು ನನ್ನ ನಿಜವಾದ ರೋಗವನ್ನು ನೋಡಲಿ, ಮಾತ್ರೆ ಬೆರೆತ ರೋಗವನ್ನಲ್ಲ ಎಂದು ಎರಡೂ ಮಾತ್ರೆ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ. ಸಿರುಗುಪ್ಪದ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದೆ. ಮನೆಯವರು ಕರೂರಿನ ಗದ್ದೆಯಲ್ಲಿ ಕೊಯ್ಲಿನ ಗಡಿಬಿಡಿಯಲ್ಲಿದ್ದರು, ಅವರಿಗೂ ಹೇಳಲಿಲ್ಲ.

ಹನ್ನೆರಡು ದಿನ ಬಿಟ್ಟು ಬಳ್ಳಾರಿಯ ಸರ್ಜನ್ನರ ಮುಂದೆ ಕೂತೆ. ಅಷ್ಟರಲ್ಲಿ ಕೈ ಮತ್ತೆ ಅದುರತೊಡಗಿತ್ತು. ನನಗೆ ಒಳಗೊಳಗೇ ಸಮಾಧಾನ, ಸ್ಯಾಂಪಲ್ಲು ಚೊಕ್ಕವಾಗಿದೆ ಎಂದು! ಅವರು ಹೊಸ ಪರೀಕ್ಷೆ, ಸ್ಕ್ಯಾನು ಎಲ್ಲ ಮಾಡಿಸಿದರು.

“ಇದಕ್ಕ ಮೊದಲು ಯಾರಿಗಾದ್ರೂ ತೋರಿಸೀರೇನು? ಮಾತ್ರಿ ಏನಾದ್ರೂ?”

“ಇಲ್ರಿ,” ಅಂದೆ. ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ನನಗೇ ಅದು ನಿಜವೆನ್ನಿಸಿತು.

ಅವರು ಸ್ಪಷ್ಟ ಮನುಷ್ಯ. ಇಷ್ಟು ಏರಿದೆ, ಗ್ರಂಥಿಯೂ ದಪ್ಪಗಿದೆ, ತೆಗೆದುಬಿಡುವುದೇ ಒಳ್ಳೆಯದು ಅಂದರು. ಆದರೆ ಮೊದಲು ಮಾತ್ರೆಯಿಂದ ಇಳಿಸಬೇಕು, ಏರಿದ್ದಾಗ ಚಾಕು ಇಟ್ಟರೆ ಟೇಬಲ್ಲಿನ ಮೇಲೇ ಅಪಾಯ. ತೆಗೆದ ಮೇಲೆ ಬದುಕಿರುವ ತನಕ ದಿನಕ್ಕೊಂದು ಥೈರಾಯ್ಡ್ ಮಾತ್ರೆ. ಕೆಲವರಿಗೆ ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಳಿದು ಕೈಕಾಲು ಜೋಮು ಹಿಡಿಯುತ್ತದೆ. ಮತ್ತೆ ದನಿಯ ನರ ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾಗುವುದು ಅಪರೂಪ, ಆಗುವುದೇ ಇಲ್ಲ ಎಂದು ಹೇಳಲಾರೆ ಎಂದರು.

“ದನಿ ಹೋದ್ರ ನಾನು ಏನು ಮಾರ್ಲಿರಿ ಡಾಕ್ಟ್ರೇ?”

“ಹೋಗ್ತೈತಿ ಅಂತ ಹೇಳಲಿಲ್ಲಮ್ಮ. ಹೋಗಬಹುದು ಅನ್ನೋದನ್ನ ಮುಚ್ಚಿಡಲಿಲ್ಲ ಅಷ್ಟ.”

ಅವರು ಮುಚ್ಚಿಡಲಿಲ್ಲ. ಮುಚ್ಚಿಟ್ಟವಳು ನಾನು. ಅವರು ಬರೆದ ಮಾತ್ರೆಯ ಚೀಟಿ ನೋಡಿದರೆ ಅದೇ ಕಾರ್ಬಿಮಜೋಲ್. ಕೊಳ್ಳಲಿಲ್ಲ. ಮೂರನೆಯವರು, ಬಳ್ಳಾರಿಯಲ್ಲೇ ಇರುವ ಹಾರ್ಮೋನು ಡಾಕ್ಟರು, ಹತ್ತು ದಿನಕ್ಕೆ ಸಮಯ ಕೊಟ್ಟಿದ್ದರು. ಅವರಿಗೂ ಚೊಕ್ಕ ಸ್ಯಾಂಪಲ್ಲೇ ಸಿಗಲಿ ಎಂದುಕೊಂಡೆ. ಎರಡನೇ ಫೈಲೂ ಬ್ಯಾಗಿನ ತಳ ಸೇರಿತು.

ಆ ಹತ್ತು ದಿನ ಕೊಯ್ಲಿನ ಭರಾಟೆ. ಕಟಾವು ಯಂತ್ರ ಗದ್ದೆಗೆ ಇಳಿದರೆ ಭತ್ತ ಸಂಜೆಗೆ ರಸ್ತೆ ಬದಿಗೆ ಬಂದು ಬೀಳುತ್ತದೆ. ಹಸಿ ಮಾಲು, ತಡಮಾಡಿದರೆ ಕಾವು ಹಿಡಿದು ಕಾಳಿನ ಬಣ್ಣ ತಿರುಗುತ್ತದೆ. ಫೋನು ಕೆಳಗಿಡಲು ಬಿಡುವಿಲ್ಲ. ನನ್ನ ಎದೆ ಆಗಾಗ ಒಂದು ಬಡಿತ ನುಂಗಿ, ಆಮೇಲೆ ಮೂರು ಒಟ್ಟಿಗೆ ಬಡಿಯುತ್ತಿತ್ತು. ಮೆಟ್ಟಿಲು ಹತ್ತಿದರೆ ಬಾಯಿ ಒಣಗುತ್ತಿತ್ತು. ಭಯವಾದಾಗಲೆಲ್ಲ ದಿನ ಎಣಿಸುತ್ತಿದ್ದೆ: ಇನ್ನು ನಾಲ್ಕು, ಇನ್ನು ಮೂರು.

ಒಂದು ದಿನ ಉಳಿದಿತ್ತು. ಕುರುಗೋಡಿನ ಅದೇ ಮಿಲ್ಲಿನ ಅಂಗಳದಲ್ಲಿ, ಅದೇ ಸಾವ್ಕಾರರ ಮುಂದೆ ನಿಂತು ಹೊಸ ಚೀಲಕ್ಕೆ ಕೊಳವೆ ಚುಚ್ಚಿದೆ. ಎದೆಯೊಳಗೆ ಏನೋ ಹಳಿ ತಪ್ಪಿತು. ಬಡಿತ ಅನ್ನುವಂತಿರಲಿಲ್ಲ, ಪಂಜರದಲ್ಲಿ ಹಕ್ಕಿ ಒದ್ದಾಡಿದ ಹಾಗೆ. ಕೊಳವೆ ಕೈಯಿಂದ ಜಾರಿತು. ಅಂಗಳದ ಸಿಮೆಂಟು ನನ್ನ ಕಡೆಗೇ ಏರಿ ಬಂದ ಹಾಗಾಯಿತು. ಕೆನ್ನೆಗೆ ಚುಚ್ಚುತ್ತಿದ್ದ ಭತ್ತದ ಕಾಳು ಮಾತ್ರ ಗೊತ್ತಾಗುತ್ತಿತ್ತು. ಚಿಕ್ಕವ್ವ ಬಿದ್ದಾಗ ಅವಳಿಗೂ ಎಲ್ಲ ಹೀಗೇ ಗೊತ್ತಾಗುತ್ತಿತ್ತೇ ಎಂದು ಯೋಚಿಸಿದ್ದು ನೆನಪಿದೆ.

ಸಾವ್ಕಾರರು ತಮ್ಮ ಕಾರಿನಲ್ಲೇ ಬಳ್ಳಾರಿಗೆ ಹೊರಡಿಸಿದರು. ಮುಂದಿನ ಸೀಟಿನಿಂದ ಪದೇ ಪದೇ ತಿರುಗಿ ನೋಡುತ್ತಿದ್ದರು. ಅವರ ಮುಖ ನನಗಿಂತ ಬಿಳಿಚಿಕೊಂಡಿತ್ತು.

“ಅಕ್ಕಾ, ಕಣ್ಣು ಮುಚ್ಚಬ್ಯಾಡ. ಏನಾರ ಮಾತಾಡು. ಬೈಯಿ ನನ್ನ. ಹೋದ ಸಲ ಭಾಳ ಕಮ್ಮಿ ದರ ಹಚ್ಚಿದ್ನಲ್ಲ, ಅದಕ್ಕರ ಬೈಯಿ!”

“ಬದುಕಿದ್ರ... ಬೈತೀನಿ,” ಅಂದೆ. ಅಷ್ಟು ಹೇಳಲು ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು. ಉದ್ದನೆಯ ಕಾಗದ ಹೊರಬಂತು. ಗೆರೆಗಳಿಗೆ ಲಯವೇ ಇಲ್ಲ. ಬಳ್ಳಾರಿಯ ಪಾರ್ವತಿನಗರದಲ್ಲಿರುವ ನನ್ನ ತಂಗಿ ಅಷ್ಟರಲ್ಲಿ ಓಡಿಬಂದಿದ್ದಳು. ಒಳಗೆ ಬಂದ ಡಾಕ್ಟರು ಯಾರು ಎಂದುಕೊಂಡಿರಿ? ನಾಳೆ ನಾನು ನೋಡಬೇಕಿದ್ದ ಹಾರ್ಮೋನು ಡಾಕ್ಟರೇ. ಹೃದಯದ ಡಾಕ್ಟರು ನನ್ನ ಕುತ್ತಿಗೆ ನೋಡಿ ಅವರನ್ನು ಕರೆಸಿದ್ದರು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು.

“ಯಾವ ಮಾತ್ರಿ ತಗೊಳ್ತಿದ್ರಿ ಅಮ್ಮ?”

ನಾನು ಬಾಯಿ ತೆರೆಯುವ ಮೊದಲೇ ತಂಗಿ, “ಏನೂ ಇಲ್ಲ ಮೇಡಂ. ನಮ್ಮಕ್ಕ ಕಲ್ಲಿನಂಗ ಅದಾಳ, ನೆಗಡಿಗೂ ಗುಳಿಗಿ ನುಂಗಿದಾಕಿ ಅಲ್ಲ,” ಅಂದಳು.

ಡಾಕ್ಟರು ತಂಗಿಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ, “ನಿಮಗ ಈಗ ಔಷಧಿ ಕೊಡ್ತೀನಿ. ಮೊದಲು ಏನು ತಗೊಂಡೀರಿ, ಯಾವಾಗ ಬಿಟ್ಟೀರಿ ಅನ್ನೋದು ಗೊತ್ತಿಲ್ಲದ ಕೊಟ್ರ ಹೆಚ್ಚು ಕಮ್ಮಿ ಆಗಬಹುದು. ನಿಜ ಹೇಳ್ರಿ,” ಅಂದರು.

ಬ್ಯಾಗು ನನ್ನ ಕಾಲ ಬಳಿ ಇತ್ತು. ಹೇಳಿದರೆ ಈ ಡಾಕ್ಟರ ಸ್ವಂತ ಅಭಿಪ್ರಾಯ ಕೆಡುತ್ತದೆ ಎಂಬ ಹಳೆಯ ಲೆಕ್ಕ ಆಗಲೂ ತಲೆಯಲ್ಲಿ ಓಡಿತು ಎಂದರೆ ನಂಬಿ. ಎದೆಯಲ್ಲಿ ಹಕ್ಕಿ ಇನ್ನೊಮ್ಮೆ ಒದ್ದಾಡಿತು. “ಬ್ಯಾಗಿನ ತಳದಾಗ ಎರಡು ಫೈಲು ಅದಾವು,” ಅಂದೆ. “ಸುಳ್ಳು ಹೇಳೀನಿ. ಎಲ್ಲಾರಿಗೂ.”

ತಂಗಿ ಫೈಲು ತೆಗೆದು ಡಾಕ್ಟರ ಕೈಗೆ ಕೊಟ್ಟಳು. “ಎಂಥಾಕೀಲೇ ನೀನು! ಊರಿಗೆಲ್ಲ ಬುದ್ಧಿ ಹೇಳಾಕ ಹೋಗ್ತಿ...” ಅಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಡಾಕ್ಟರು ಎಲ್ಲ ಕಾಗದಗಳನ್ನು ಹಾಸಿಗೆಯ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ಅಂಕಿ ಏರಿತ್ತು. ಆರು ವಾರದ ಮೇಲಿನದರಲ್ಲಿ ಚೆನ್ನಾಗಿ ಇಳಿದಿತ್ತು. ಸರ್ಜನ್ನರದರಲ್ಲಿ ಮತ್ತೆ ಏರಿತ್ತು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಅಂಕಿ ಓದಲು ಯಾರೂ ಕಲಿಸಬೇಕಿಲ್ಲ. ಅವರು ಬೆರಳಿಟ್ಟು ತೋರಿಸುವ ಮೊದಲೇ ಅರ್ಥವಾಯಿತು. ಮಾತ್ರೆ ಕೆಲಸ ಮಾಡುತ್ತಿತ್ತು. ಸರ್ಜನ್ನರು ನೋಡಿ ಗಾಬರಿಯಾದ ಏರಿಕೆಯಲ್ಲಿ ನನ್ನ ಕೈವಾಡವೂ ಇತ್ತು. ಚೊಕ್ಕ ಸ್ಯಾಂಪಲ್ಲು ಎಂದು ನಾನು ಮೆರೆಸಿದ್ದೇ ಕಲಬೆರಕೆಯ ಸ್ಯಾಂಪಲ್ಲು. ಅದನ್ನು ನೋಡಿ ಹೇಳಿದ ದರವನ್ನು ಹಿಡಿದು ನಾನು ತೂಗಿ ನೋಡುತ್ತಿದ್ದೆ. ಓದುವವರಿಗೆ ನನ್ನ ಒಂದೇ ಮಾತು: ನಾಲ್ವರು ಡಾಕ್ಟರರಿಗೆ ತೋರಿಸಿ, ತಪ್ಪಿಲ್ಲ. ಆದರೆ ಹಿಂದಿನ ಕಾಗದವೆಲ್ಲ ಮೇಜಿನ ಮೇಲಿರಲಿ. ಕೇಳದೆ ಮಾತ್ರೆ ಬಿಡಬೇಡಿ.

ಐದು ದಿನ ಆಸ್ಪತ್ರೆ. ಮಾತ್ರೆಗಳು ಮರಳಿದವು, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು. ಎದೆ ನಿಧಾನವಾಗಿ ಲಯಕ್ಕೆ ಬಂತು. ಆದರೆ ಭಯ ಲಯಕ್ಕೆ ಬರಲಿಲ್ಲ. ಸ್ನಾನ ಮಾಡುವಾಗ, ಬಸ್ಸು ಹತ್ತುವಾಗ, ಎರಡು ಬೆರಳು ತಾವಾಗಿಯೇ ಮಣಿಕಟ್ಟಿಗೆ ಹೋಗಿ ನಾಡಿ ಹುಡುಕುತ್ತಿದ್ದವು.

ಫೆಬ್ರವರಿಯ ಭೇಟಿಯಲ್ಲಿ ಡಾಕ್ಟರು ಮೂರು ದಾರಿಗಳನ್ನೂ ಮತ್ತೆ ಮುಂದಿಟ್ಟರು. ಈ ಸಲ ನನ್ನ ನಿಜವಾದ ಕಾಗದಗಳ ಮೇಲೆ.

“ಗ್ಯಾರಂಟಿ ಯಾವುದಕ್ಕೈತ್ರಿ?” ಅಂದೆ.

“ಯಾವುದಕ್ಕೂ ಇಲ್ಲ. ಒಂದೊಂದರಾಗ ಒಂದೊಂದು ಬಿಟ್ಟುಕೊಡಬೇಕು,” ಅಂದರು. “ಮಾತ್ರಿ ಮುಂದುವರಿಸಬಹುದು. ನಿಮಗ ಒಗ್ಗೈತಿ. ಆದ್ರ ಬಿಟ್ಟ ಮ್ಯಾಲ ಮರಳಿದ್ರ, ಒಂದ್ಸಲ ದಾರಿ ತಪ್ಪಿದ ಗುಂಡಿಗಿ ಮತ್ತ ತಪ್ಪೀತು ಅನ್ನೋದು ನನ್ನ ಹೆದರಿಕಿ. ಆಪರೇಷನ್ ಅಂದ್ರ ಜಲ್ದಿ ಮುಗೀತೈತಿ, ಅದರ ಅಪಾಯ ಸರ್ಜನ್ನರು ಹೇಳ್ಯಾರ. ಮೂರನೇದು ಅಯೋಡಿನ್.”

ಅದು ವಿಕಿರಣ ಸೂಸುವ ಅಯೋಡಿನ್. ಒಂದೇ ಕ್ಯಾಪ್ಸೂಲು. ಗ್ರಂಥಿ ಅದನ್ನು ಹೀರಿಕೊಂಡು ಕೆಲವು ತಿಂಗಳಲ್ಲಿ ಒಳಗಿಂದಲೇ ಸಾಯುತ್ತದೆ. ಚಾಕು ಇಲ್ಲ, ದನಿಗೆ ಧಕ್ಕೆ ಇಲ್ಲ. ಕೆಲವರಿಗೆ ಕಣ್ಣಿನ ತೊಂದರೆ ಹೆಚ್ಚುತ್ತದೆ, ಹಾಗಾಗಿ ಮೊದಲು ನನ್ನ ಕಣ್ಣು ಪರೀಕ್ಷೆ ಮಾಡಿಸಿ, ಅಡ್ಡಿಯಿಲ್ಲ ಎಂದು ಕಾಗದ ತಂದಿದ್ದೆ. ಒಂದು ಸಲಕ್ಕೆ ಸಾಲದೆ ಎರಡನೇ ಸಲ ನುಂಗಬೇಕಾಗಲೂಬಹುದು. ಗ್ರಂಥಿ ಸತ್ತ ಮೇಲೆ ಇದರಲ್ಲೂ ಜೀವನಪೂರ್ತಿ ಒಂದು ಮಾತ್ರೆ. ಕ್ಯಾಪ್ಸೂಲು ನುಂಗಲು ದೂರದ ಊರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಂದ ಮೇಲೆ ನಾಲ್ಕು ವಾರ ಬಸುರಿಯರ, ಕೂಸುಗಳ ಸಮೀಪ ಹೋಗುವಂತಿಲ್ಲ.

ಆಗ ನನ್ನ ಮಗಳಿಗೆ ಏಳು ತಿಂಗಳು. ಮೊದಲ ಹೆರಿಗೆ. ಕುಬುಸದ ಶಾಸ್ತ್ರ ಮುಗಿದು ತವರಿಗೆ ಬರುವ ದಿನ ಗೊತ್ತಾಗಿತ್ತು.

“ಬಾಣಂತನ ಮುಗಿಸಿ ಬರ್ತೀನ್ರಿ. ಅಲ್ಲೀತನ ಮಾತ್ರಿ ನುಂಗ್ತೀನಿ,” ಅಂದೆ.

“ಆಗಬಹುದು. ಒಂದು ದಿನಾನೂ ತಪ್ಪಂಗಿಲ್ಲ. ನುಂಗ್ತೀರಾ?”

ಅವರು ಗದರಿಸಲಿಲ್ಲ, ಸುಮ್ಮನೆ ಕೇಳಿದರು. ನುಂಗುತ್ತೇನೆ ಎನ್ನಲು ಬಾಯಿ ತೆರೆದೆ. ದಲ್ಲಾಳಿಯ ಬಂಡವಾಳ ಮಾತೊಂದೇ. ಆ ಬಂಡವಾಳ ಈ ಕೋಣೆಯಲ್ಲಿ ನಾನೇ ಕಳೆದಿದ್ದೆ. ನಾಳೆ ಎರಡನೇ ಬೆಳೆಯ ಕೊಯ್ಲು ಬರುತ್ತದೆ, ಮನೆಯಲ್ಲಿ ಬಾಣಂತಿ, ಕೂಸು, ಎಣ್ಣೆ ನೀರು, ಫೋನು. ಒಂದು ದಿನ ಮರೆಯುತ್ತೇನೆ. ಎರಡನೇ ದಿನ, ನಿನ್ನೆ ಮರೆತರೂ ಏನೂ ಆಗಲಿಲ್ಲವಲ್ಲ ಅನ್ನುತ್ತೇನೆ. ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಇಂಥ ಗಿರಾಕಿಗೆ ನಾನಾದರೆ ಉದ್ದರಿ ಕೊಡುತ್ತಿರಲಿಲ್ಲ.

“ಇಲ್ರಿ,” ಅಂದೆ. “ತಪ್ಪಿಸ್ತೀನಿ. ಹೆರಿಗಿಗಿಂತ ಮೊದಲ ಅಯೋಡಿನ್ ಹಾಕಿಸ್ರಿ.”

ಕ್ಯಾಲೆಂಡರು ತೆಗೆದು ಕೂತೆವು. ಮಾರ್ಚಿ ನಡುವೆ ನುಂಗಿದರೆ ಏಪ್ರಿಲ್ ನಡುವಿಗೆ ನಾಲ್ಕು ವಾರ ತುಂಬುತ್ತದೆ. ಹೆರಿಗೆಗೆ ಆಮೇಲೂ ಎರಡು ವಾರ ಉಳಿಯುತ್ತದೆ. ಅಲ್ಲಿಯವರೆಗೆ ಮಗಳು ಪಾರ್ವತಿನಗರದ ನನ್ನ ತಂಗಿಯ ಮನೆಯಲ್ಲಿ ಇರಲಿ. ಒಳ್ಳೆಯ ವ್ಯಾಪಾರ ಕುದುರಿತು ಅಂದುಕೊಂಡೆ.

ಮಗಳು ಹಾಗೆ ಅಂದುಕೊಳ್ಳಲಿಲ್ಲ. ಫೋನಿನಲ್ಲಿ, “ಎಲ್ಲಾರೂ ತವರಿಗೆ ಅಂತ ಹೋದ್ರ ಅವ್ವ ಇರ್ತಾಳ. ನಾನು ಹೋದ್ರ ಚಿಗವ್ವನ ಮನಿ. ಅತ್ತಿ ಮನ್ಯಾಗ ಏನಂತ ಹೇಳ್ಲಿ?” ಅಂದಳು.

“ಅವ್ವ ಬದುಕಿರ್ಲಿ ಅಂತ ಹೋಗಾಕತ್ತೀನಿ ಅಂತ ಹೇಳು.”

“ಎರಡು ತಿಂಗಳು ತಡದ್ರ ಸಾಯ್ತಿದ್ದಿಯೇನಬೇ?”

ಸಾಯುತ್ತಿದ್ದೆನೋ ಇಲ್ಲವೋ, ಯಾರಿಗೆ ಗೊತ್ತು? ಗೊತ್ತಿಲ್ಲದ್ದೇ ನನ್ನ ಭಯವಾಗಿತ್ತು.

ನಿಜವಾದ ಭಯ ಇನ್ನೂ ಮುಂದಿತ್ತು. ಅಯೋಡಿನ್ನನ್ನು ಗ್ರಂಥಿ ಚೆನ್ನಾಗಿ ಹೀರಬೇಕಾದರೆ ಐದು ದಿನ ಮೊದಲು ಕಾರ್ಬಿಮಜೋಲ್ ನಿಲ್ಲಿಸಬೇಕಂತೆ. ಇದನ್ನು ಕೇಳಿ ಕುರ್ಚಿಯಿಂದ ಎದ್ದುಬಿಟ್ಟೆ. ನಿಲ್ಲಿಸಿದ್ದಕ್ಕೇ ಅಲ್ಲವೇ ಅವತ್ತು ಸಿಮೆಂಟಿನ ಮೇಲೆ ಬಿದ್ದದ್ದು?

“ಅವತ್ತು ನೀವು ನಿಲ್ಲಿಸಿದ್ರಿ. ಇವತ್ತು ನಾನು ನಿಲ್ಲಿಸಾಕತ್ತೀನಿ,” ಅಂದರು ಡಾಕ್ಟರು. “ಅಂಕಿ ಈಗ ಹಿಡಿತದಾಗೈತಿ. ಗುಂಡಿಗಿ ಮಾತ್ರಿ ಬಿಡಂಗಿಲ್ಲ. ಏನಾದ್ರೂ ಅನ್ನಿಸಿದ್ರ ನನಗ ಫೋನು.”

ಆ ಐದು ದಿನ ನಾನು ಮಿಲ್ಲಿನ ಕಡೆ ಮುಖ ಹಾಕಲಿಲ್ಲ. ಮನೆಯವರು ಗದ್ದೆ ಬಿಟ್ಟು ನನ್ನ ಜೊತೆ ಕೂತರು. ಅವರು ಮಾತು ಕಡಿಮೆಯ ಮನುಷ್ಯ. ಗಂಟೆಗೊಮ್ಮೆ ನನ್ನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡಿ, ಕ್ಯಾಲೆಂಡರಿನ ಅಂಚಿನಲ್ಲಿ ಎದೆಬಡಿತದ ಸಂಖ್ಯೆ ಬರೆಯುತ್ತಿದ್ದರು. ಎಂಬತ್ತೆರಡು, ಎಂಬತ್ತಾರು, ಎಂಬತ್ನಾಲ್ಕು. ಮೂರನೇ ದಿನ ತೊಂಬತ್ತಾರು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆ. ಹೆದರಿದ್ದಕ್ಕೂ ಏರುತ್ತದೆ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಮತ್ತೆ ಎಣಿಸಿ ಅಂದರು. ಎಂಬತ್ತೆಂಟಕ್ಕೆ ಇಳಿಯಿತು.

ಕ್ಯಾಪ್ಸೂಲನ್ನು ದಪ್ಪ ಸೀಸದ ಡಬ್ಬಿಯಲ್ಲಿ ತಂದರು. ತಂದವನು ಕೈಗವಸು ಹಾಕಿದ್ದ, ಡಬ್ಬಿ ಇಟ್ಟವನು ದೂರ ಸರಿದು ನಿಂತ. ಅವನು ಮುಟ್ಟಲು ಹೆದರುವುದನ್ನು ನಾನು ನುಂಗಬೇಕು! ಗಂಟಲಿನಲ್ಲಿ ಇಳಿಯುವಾಗ ಏನೂ ಅನ್ನಿಸಲಿಲ್ಲ. ರುಚಿ ಇಲ್ಲ, ಉರಿ ಇಲ್ಲ. ಅಷ್ಟು ಮೆತ್ತಗೆ ಒಳಹೋದದ್ದು ನನ್ನದೇ ಒಂದು ಭಾಗವನ್ನು ಕೊಲ್ಲಲು ಹೋಗುತ್ತಿತ್ತು.

ಸಿರುಗುಪ್ಪದ ಮನೆಯಲ್ಲಿ ನನ್ನ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆಯಾದವು. ಡಾಕ್ಟರು ಹೇಳಿದ ದಿನದಿಂದ ಮಾತ್ರೆ ಮತ್ತೆ ಶುರು. ಮೂರು ವಾರ ಹೇಗೋ ಕಳೆಯಿತು. ನಾಲ್ಕನೇ ವಾರದ ಮೊದಲ ದಿನ ಬೆಳಿಗ್ಗೆ ತಂಗಿ ಫೋನು ಮಾಡಿದಳು.

“ಅಕ್ಕಾ, ಹೆಣ್ಣುಕೂಸು. ಆಸ್ಪತ್ರಿಗೆ ಮುಟ್ಟಿದ ಗಂಟ್ಯಾಗ ಆತು. ತಾಯಿ ಕೂಸು ಇಬ್ಬರೂ ಚಲೋ ಅದಾರ.”

ನನ್ನ ಕ್ಯಾಲೆಂಡರಿನ ವ್ಯಾಪಾರವನ್ನು ಆ ಕೂಸು ಮೂರು ವಾರ ಮುಂಚೆಯೇ ಬಂದು ಮುರಿದಿತ್ತು.

ಮರುದಿನ ಮಗಳು ಪಾರ್ವತಿನಗರಕ್ಕೆ ಬಂದಳು ಎಂದು ಗೊತ್ತಾದ ಮೇಲೆ ಬಸುರಿಯರು, ಕೂಸುಗಳು ಇಲ್ಲದ ಬಸ್ಸು ನೋಡಿ ಹತ್ತಿದೆ. ತಂಗಿಯ ಮನೆಯ ಗೇಟಿನ ಹೊರಗೆ, ರಸ್ತೆಯಲ್ಲೇ ನಿಂತೆ. ಕ್ಯಾಪ್ಸೂಲು ಕೆಲಸ ಮಾಡಿತೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ, ಅದನ್ನು ಹೇಳುವ ಪರೀಕ್ಷೆಗೆ ಇನ್ನೂ ಸಮಯವಿತ್ತು. ತಂಗಿ ಕೂಸನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೊಸ್ತಿಲಿಗೆ ತಂದಳು. ಅಷ್ಟು ದೂರದಿಂದ ನನಗೆ ಕಂಡದ್ದು ಕಪ್ಪು ಕೂದಲು, ಗುಲಾಬಿ ಮುಷ್ಟಿ, ಅಷ್ಟೇ. ಮಗಳು ಕಿಟಕಿಯ ಪಕ್ಕದ ಮಂಚದ ಮೇಲಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡ ಅವಳ ಮುಖ ಒಂದೇ ದಿನದಲ್ಲಿ ದೊಡ್ಡವಳ ಮುಖವಾಗಿತ್ತು.

“ಎಷ್ಟು ದಿನ ಉಳದಾವಬೇ?” ಅಂದಳು ಕಿಟಕಿಯಿಂದ.

“ಆರು.”

“ಆರರಾಗ ಎರಡು ಬಿಡು. ಎರಡು ದಿನದಾಗ ಏನಾಗ್ತೈತಿ? ಊರವರಿಗೆಲ್ಲ ದರ ಬಿಡಿಸಿ ಕೊಡ್ತಿ, ನನ್ನ ಕೂಸಿಗೆ ಎರಡು ದಿನ ಬಿಡಾಕ ಬರಂಗಿಲ್ಲೇನು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ನಾಲ್ಕು ದಿನಕ್ಕೆ ಬಂದರೆ ನಿಜಕ್ಕೂ ಏನೂ ಆಗದಿರಬಹುದು. ನನ್ನ ತಲೆ ಆಗಲೇ ಲೆಕ್ಕಕ್ಕೆ ಇಳಿದಿತ್ತು: ಡಾಕ್ಟರು ಹೇಳುವಾಗ ಎರಡು ದಿನ ಹೆಚ್ಚಿಗೆ ಸೇರಿಸಿಯೇ ಹೇಳಿರುತ್ತಾರೆ, ಎಲ್ಲರೂ ಸೇರಿಸುತ್ತಾರೆ.

“ಬಿಡಂಗಿಲ್ಲ,” ಅಂದೆ. “ಆರು ಅಂದ್ರ ಆರು.”

“ಹತ್ರದಿಂದ ಒಂದ್ಸಲ ನೋಡಿ ಹೋಗಲೇ ಅಕ್ಕಾ, ಪಾಪ,” ಎನ್ನುತ್ತ ತಂಗಿ ಕೂಸನ್ನು ಎತ್ತಿಕೊಂಡು ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಕೂಸು ಬಿಸಿಲಿಗೆ ಮುಖ ಕಿವುಚಿ ಸಣ್ಣಗೆ ಅತ್ತಿತು. ತಂಗಿ ಇನ್ನೂ ಎರಡು ಹೆಜ್ಜೆ ಇಟ್ಟಳು. ನಾನು ಕೈ ಮುಂದೆ ಚಾಚಿ ಗೇಟು ಎಳೆದುಕೊಂಡು, ಹೊರಗಿನಿಂದ ಚಿಲಕ ಹಾಕಿದೆ.